ಡಿಜಿಟಲ್ ನಿಯಂತ್ರಣದ ಮಾದರಿ ರೈಲುಮಾರ್ಗಗಳ ವೈರಿಂಗ್

ಮಾದರಿ ರೈಲುಮಾರ್ಗದ ಹಳಿಗಳಿಗೆ ಎಂಜಿನ್ ಓಡಿಸುವ ವಿದ್ಯುತ್ತನ್ನೂ ಎಂಜಿನ್ನಿಗೆ ಹೋಗಬೇಕಾದ ಆದೇಶವನ್ನೂ ಒಟ್ಟಿಗೆ ತಲುಪಿಸುವ ತಂತಿವ್ಯವಸ್ಥೆ. ಜಗತ್ತಿನಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ಡಿಜಿಟಲ್ ನಿಯಂತ್ರಣ ಪದ್ಧತಿ ಡಿಜಿಟಲ್ ಕಮಾಂಡ್ ಕಂಟ್ರೋಲ್. ಹವ್ಯಾಸಿಗಳ ಬಾಯಲ್ಲಿ ಡಿಸಿಸಿ. ಡಿಸಿಸಿ ಮಾರುಕಟ್ಟೆಗೆ ಬಂದಾಗ ಅದರ ಜೊತೆಗೇ ಬಂದ ಮಾತು ‘ಎರಡು ತಂತಿ ಜೋಡಿಸಿದರೆ ಸಾಕು’ ಎಂಬುದು. ಮೇಜಿನ ಮೇಲಿನ ಒಂದು ಸುತ್ತಿನ ಹಳಿಗೆ ಇದು ನಿಜ. ಕೋಣೆ ತುಂಬುವ ಲೇಔಟಿಗೆ ನಿಜವಲ್ಲ. ಹಳೆಯ ಪದ್ಧತಿಯಲ್ಲಿ ಹಲಗೆಯಡಿ ತುಂಬಿರುತ್ತಿದ್ದ ಸ್ವಿಚ್ಚುಗಳ ಗೋಜಲನ್ನು ಡಿಸಿಸಿ ಇಲ್ಲವಾಗಿಸಿತು, ಆದರೆ ಉಳಿದ ತಂತಿಗಳಿಂದ ಅದು ಬೇಡುವ ಗುಣಮಟ್ಟ ಹಿಂದೆಂದಿಗಿಂತ ಹೆಚ್ಚಿನದು. ರೈಲು ಮುಗ್ಗರಿಸುವುದು, ಶಬ್ದ ಕಡಿದು ಹೋಗುವುದು, ಆದೇಶಕ್ಕೆ ಎಂಜಿನ್ ಓಗೊಡದಿರುವುದು ಮುಂತಾದ ತೊಂದರೆಗಳಿಗೆ ಬಹುಪಾಲು ಕಾರಣ ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿರುವುದಿಲ್ಲ. ಹಲಗೆಯಡಿಯ ತಾಮ್ರದಲ್ಲಿ, ಹಳಿಯ ಬೆಸುಗೆಯಲ್ಲಿ ಇರುತ್ತದೆ.

ಹಿನ್ನೆಲೆ

ಡಿಸಿಸಿಗೆ ಮುಂಚೆ ಎರಡು ಹಳಿಗಳ ಮಾದರಿ ರೈಲುಗಳು ನೇರ ವಿದ್ಯುತ್ತಿನಲ್ಲಿ, ಅಂದರೆ ಡಿಸಿಯಲ್ಲಿ, ಓಡುತ್ತಿದ್ದವು. ಹಳಿಗೆ ಕೊಡುವ ವೋಲ್ಟೇಜು ಏರಿಸಿದರೆ ವೇಗ ಹೆಚ್ಚುತ್ತಿತ್ತು, ಧನ-ಋಣ ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತಿತ್ತು. ಒಂದೇ ಹಳಿಯ ಮೇಲೆ ಎರಡು ಎಂಜಿನ್‌ಗಳಿದ್ದರೆ ಎರಡೂ ಒಟ್ಟಿಗೆ ಹೊರಡುತ್ತಿದ್ದವು, ಒಟ್ಟಿಗೆ ನಿಲ್ಲುತ್ತಿದ್ದವು. ಬೇರೆಬೇರೆಯಾಗಿ ಓಡಿಸಬೇಕೆಂದರೆ ಮಾರ್ಗವನ್ನು ಹತ್ತಾರು ಬ್ಲಾಕುಗಳಾಗಿ ಕತ್ತರಿಸಿ, ಯಾವ ಬ್ಲಾಕು ಯಾವ ಚಾಲಕನ ಕೈಯಲ್ಲಿರಬೇಕೆಂದು ಸ್ವಿಚ್ಚುಗಳಿಂದ ಗೊತ್ತುಮಾಡಬೇಕಿತ್ತು. ಚಾಲಕನ ಅರ್ಧ ಗಮನ ರೈಲಿನ ಮೇಲಾದರೆ ಇನ್ನರ್ಧ ಸ್ವಿಚ್ಚುಗಳ ಮೇಲೆ.

ಇದರಿಂದ ಬಿಡಿಸಿಕೊಳ್ಳುವ ಪ್ರಯತ್ನ 1960ರ ದಶಕದಲ್ಲೇ ನಡೆದಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಆಸ್ಟ್ರ್ಯಾಕ್ ಆ ಕಾಲದ್ದು. 1979ರಲ್ಲಿ ಅಮೆರಿಕದ ಮಾಡೆಲ್ ರೈಲ್‌ರೋಡರ್ ಪತ್ರಿಕೆ ಸಿಟಿಸಿ-16 ಎಂಬ, ಹವ್ಯಾಸಿಯೇ ಮನೆಯಲ್ಲಿ ಕಟ್ಟಬಹುದಾದ ವ್ಯವಸ್ಥೆಯ ವಿವರಗಳನ್ನು ಪ್ರಕಟಿಸಿತು. ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ಝೀರೊ-1 ಸಹ ಆ ಹೊತ್ತಿನದೇ. ಜರ್ಮನಿಯ ಮಾರ್ಕ್ಲಿನ್ 1980ರ ದಶಕದ ನಡುವೆ ತನ್ನದೇ ಡಿಜಿಟಲ್ ಪದ್ಧತಿಯನ್ನು ತಂದಿತು. ಇವು ಯಾವುವೂ ಪರಸ್ಪರ ಹೊಂದುತ್ತಿರಲಿಲ್ಲ. ಒಂದರ ಎಂಜಿನ್ ಇನ್ನೊಂದರ ಹಳಿಯಲ್ಲಿ ನಿಷ್ಪ್ರಯೋಜಕ. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್, ಎನ್‌ಎಂಆರ್‌ಎ, ಈ ಕಗ್ಗಂಟನ್ನು ಬಿಡಿಸಲು ಮುಂದಾಯಿತು. ಜರ್ಮನಿಯ ಲೆನ್ಸ್ ಎಲೆಕ್ಟ್ರಾನಿಕ್ ಸಂಸ್ಥೆ ರೂಪಿಸಿದ್ದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು 1994ರಲ್ಲಿ ಅದು ಅಂಗೀಕರಿಸಿದ ಮಾನಕವೇ ಡಿಸಿಸಿ. ಆಮೇಲೆ ಆದೇಶಗಳನ್ನು ಓದಲು ಎಂಜಿನ್ನಿನೊಳಗೆ ಕೂರಿಸುವ ಡಿಕೋಡರ್ ಯಾವ ಕಂಪನಿಯದಾದರೂ ಯಾವ ಕಂಪನಿಯ ನಿಯಂತ್ರಕದ ಮಾತನ್ನಾದರೂ ಕೇಳುವಂತಾಯಿತು.

ಹಳಿಯಲ್ಲಿ ಹರಿಯುವುದೇನು

ಡಿಸಿಸಿ ಹಳಿಯಲ್ಲಿ ಯಾವಾಗಲೂ ಪೂರ್ಣ ವೋಲ್ಟೇಜು ಇರುತ್ತದೆ. 1:87 ಅಳತೆಯ, 16.5 ಮಿ.ಮೀ. ಗೇಜಿನ ಎಚ್‌ಒ ಮಾದರಿಗಳಲ್ಲಿ ಅದು ಸುಮಾರು 15 ವೋಲ್ಟ್. 1:160ರ ಎನ್ ಅಳತೆಯಲ್ಲಿ ತುಸು ಕಡಿಮೆ, ತೋಟದಲ್ಲಿ ಓಡುವ ದೊಡ್ಡ ಮಾದರಿಗಳಲ್ಲಿ ಹೆಚ್ಚು. ಈ ವೋಲ್ಟೇಜು ಕ್ಷಣಕ್ಷಣಕ್ಕೂ ಧನದಿಂದ ಋಣಕ್ಕೆ, ಋಣದಿಂದ ಧನಕ್ಕೆ ತಿರುಗುವ ಚೌಕ ತರಂಗ. ತಿರುಗುವ ಅವಧಿಯಲ್ಲೇ ಸಂದೇಶ ಅಡಗಿದೆ: ತರಂಗದ ಅರ್ಧಭಾಗ ಸುಮಾರು 58 ಮೈಕ್ರೊಸೆಕೆಂಡ್ ಇದ್ದರೆ ಅದು 1, ಸುಮಾರು 100 ಅಥವಾ ಹೆಚ್ಚು ಇದ್ದರೆ ಅದು 0. ಒಂದು ಸಂದೇಶದಲ್ಲಿ ಮೊದಲು ಸಾಲಾಗಿ ಕೆಲವು 1ಗಳು, ಆಮೇಲೆ ಎಂಜಿನ್ನಿನ ವಿಳಾಸ, ಅದಕ್ಕೆ ಕೊಟ್ಟ ಆದೇಶ, ಕೊನೆಯಲ್ಲಿ ತಾಳೆ ನೋಡಲು ಒಂದು ಬೈಟ್. ತಾಳೆಯಾಗದ ಸಂದೇಶವನ್ನು ಡಿಕೋಡರ್ ಎಸೆದುಬಿಡುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲಿ ಕೂತ ಡಿಕೋಡರ್ ಇದೇ ತರಂಗವನ್ನು ಒಂದೆಡೆ ಓದುತ್ತದೆ, ಇನ್ನೊಂದೆಡೆ ಡಿಸಿಯಾಗಿ ಪರಿವರ್ತಿಸಿ ಮೋಟಾರು, ದೀಪ, ಧ್ವನಿವರ್ಧಕಗಳಿಗೆ ಹಂಚುತ್ತದೆ.

ವೈರಿಂಗಿನ ದೃಷ್ಟಿಯಿಂದ ಇದರ ಪರಿಣಾಮ ಎರಡು. ಡಿಸಿಯಲ್ಲಿ ಹಳಿಯ ಕೊಳೆಯಿಂದ ಕ್ಷಣಮಾತ್ರ ಸಂಪರ್ಕ ತಪ್ಪಿದರೆ ಎಂಜಿನ್ ಸ್ವಲ್ಪ ಜಗ್ಗಿ ಮುಂದೆ ಹೋಗುತ್ತಿತ್ತು. ಡಿಸಿಸಿಯಲ್ಲಿ ಆ ಕ್ಷಣ ಡಿಕೋಡರಿನ ಪುಟ್ಟ ಕಂಪ್ಯೂಟರಿಗೇ ವಿದ್ಯುತ್ ಕಡಿಯುತ್ತದೆ, ಅದು ಮತ್ತೆ ಮೊದಲಿನಿಂದ ಶುರುವಾಗಬೇಕಾಗುತ್ತದೆ. ಎರಡನೆಯದಾಗಿ, ಹಿಂದೆ ಒಂದೊಂದು ಎಂಜಿನ್ನಿಗೆ ಪ್ರತ್ಯೇಕ ಸರಬರಾಜು ಇದ್ದು, ಒಂದು ಆಂಪಿಯರ್ ಹರಿದರೆ ಹೆಚ್ಚು ಅನ್ನಿಸುತ್ತಿತ್ತು. ಈಗ ಎಲ್ಲ ಎಂಜಿನ್‌ಗಳಿಗೂ ಒಂದೇ ಮೂಲ. ಎಚ್‌ಒ ಲೇಔಟಿನ ಹಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಅಂದರೆ ಬೂಸ್ಟರ್, ಸಾಮಾನ್ಯವಾಗಿ 3ರಿಂದ 5 ಆಂಪಿಯರ್ ಕೊಡುತ್ತದೆ, ತೋಟದ ರೈಲುಗಳದ್ದು ಅದಕ್ಕೂ ಹೆಚ್ಚು. ಅಷ್ಟು ಪ್ರವಾಹವನ್ನು ಹೊರುವ ತಂತಿಯನ್ನು ಆಟಿಕೆಯ ತಂತಿ ಎಂದು ಭಾವಿಸುವಂತಿಲ್ಲ.

ಮುಖ್ಯ ತಂತಿ ಮತ್ತು ಕವಲು ತಂತಿ

ಹಲಗೆಯಡಿ ಹಳಿಯ ಜಾಡನ್ನೇ ಹಿಡಿದು ಸಾಗುವ ದಪ್ಪ ತಂತಿಗಳ ಜೋಡಿಗೆ ಬಸ್ ಎನ್ನುತ್ತಾರೆ. ಅದರಿಂದ ಮೇಲಿನ ಹಳಿಗೆ ಹೋಗುವ ಸಣ್ಣ ತುಂಡುಗಳು ಫೀಡರ್‌ಗಳು. ಕಾಲುವೆಯಿಂದ ತೂಬುಗಳ ಮೂಲಕ ಗದ್ದೆಗಳಿಗೆ ನೀರು ಬಿಡುವ ಕ್ರಮವೇ ಇಲ್ಲಿಯದೂ. ಹಳಿಯನ್ನೇ ಕಾಲುವೆಯಾಗಿ ಬಳಸಹೊರಟರೆ ಕೊನೆಯ ಗದ್ದೆ ಒಣಗುತ್ತದೆ. ಹಳಿಗಳನ್ನು ಮಾಡುವ ನಿಕಲ್ ಸಿಲ್ವರ್ ಎಂಬುದು ತಾಮ್ರ, ನಿಕಲ್, ಸತುಗಳ ಮಿಶ್ರಲೋಹ. ಅದರ ವಾಹಕತೆ ತಾಮ್ರದ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಎರಡು ಹಳಿಗಳನ್ನು ಕೂಡಿಸುವ ಫಿಶ್‌ಪ್ಲೇಟುಗಳಂತೂ ಹೊಸದರಲ್ಲಿ ಚೆನ್ನಾಗಿದ್ದು, ಬಣ್ಣ, ಗೋಂದು, ತೇವ ಒಳಸೇರಿದ ಮೇಲೆ ಒಂದೊಂದಾಗಿ ಕೈಕೊಡುತ್ತವೆ. ಹಾಗಾಗಿ ಹಳಿಯ ಪ್ರತಿ ತುಂಡಿಗೂ ತನ್ನದೇ ಫೀಡರ್ ಇರಬೇಕು, ಇಲ್ಲವೇ ಫೀಡರ್ ಇರುವ ತುಂಡಿಗೆ ಅದು ಬೆಸೆದಿರಬೇಕು ಎಂಬುದು ಅನುಭವಿಗಳ ಕಟ್ಟಳೆ. ಇದರಲ್ಲಿ ಅತಿರೇಕವೇನೂ ಇಲ್ಲ. ದೃಶ್ಯಾವಳಿಯೆಲ್ಲ ಮುಗಿದ ಮೇಲೆ ಗುಡ್ಡದೊಳಗಿನ ಸುರಂಗದಲ್ಲಿ ಸತ್ತ ಹಳಿಯನ್ನು ಹುಡುಕುವುದಕ್ಕಿಂತ ಮೊದಲೇ ಹತ್ತು ಬೆಸುಗೆ ಹೆಚ್ಚು ಹಾಕುವುದು ಲೇಸು.

ತಂತಿಯ ದಪ್ಪವನ್ನು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಬೂಸ್ಟರಿನಿಂದ 10 ಮೀಟರ್ ದೂರದ ಹಳಿಗೆ ಹೋಗಿ ಬರುವ ದಾರಿ 20 ಮೀಟರ್. ನಮ್ಮ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಮನೆಯ ವೈರಿಂಗಿಗೆಂದು ಸಿಗುವ 2.5 ಚದರ ಮಿ.ಮೀ. ತಾಮ್ರದ ತಂತಿಯ ರೋಧ ಕಿಲೊಮೀಟರಿಗೆ ಸುಮಾರು 8 ಓಮ್. 20 ಮೀಟರಿಗೆ 0.16 ಓಮ್. 5 ಆಂಪಿಯರ್ ಹರಿದಾಗ ದಾರಿಯಲ್ಲಿ ಕಳೆದುಹೋಗುವುದು 0.8 ವೋಲ್ಟ್ ಮಾತ್ರ. ಅದೇ ಜಾಗಕ್ಕೆ 0.5 ಚದರ ಮಿ.ಮೀ. ತಂತಿ ಎಳೆದರೆ ರೋಧ 0.78 ಓಮ್, ನಷ್ಟ 3.9 ವೋಲ್ಟ್. 15 ವೋಲ್ಟಿನಲ್ಲಿ 11 ಮಾತ್ರ ತಲುಪುತ್ತದೆ; ಏರು ಹತ್ತುವ ರೈಲು ಅಲ್ಲಿ ಸೊರಗುತ್ತದೆ. ಅಮೆರಿಕದ ಕೈಪಿಡಿಗಳು ಬಸ್ಸಿಗೆ ಅಲ್ಲಿನ ಗೇಜಿನ ಪ್ರಕಾರ 14 ಅಥವಾ 12ನೆಯ ನಂಬರಿನ ತಂತಿ ಹೇಳುತ್ತವೆ. 14ರದ್ದು ಸುಮಾರು 2.1 ಚದರ ಮಿ.ಮೀ., 12ರದ್ದು 3.3. ಕನ್ನಡನಾಡಿನ ಹವ್ಯಾಸಿಗೆ 2.5ರ ತಂತಿ ಇವೆರಡರ ನಡುವೆ ಸರಿಯಾಗಿ ಕೂರುತ್ತದೆ. ಫೀಡರ್‌ಗಳು ಗಿಡ್ಡವಾಗಿರುವುದರಿಂದ, ಒಂದು ಅಡಿಯೊಳಗೆ ಮುಗಿಯುವುದಾದರೆ, 0.5 ಚದರ ಮಿ.ಮೀ. ತಂತಿ ಧಾರಾಳ ಸಾಕು.

ಫೀಡರ್ ಬೆಸೆಯುವುದು ಕೈಚಳಕದ ಕೆಲಸ. ಹಳಿಯ ಹೊರಮೈಯನ್ನು, ನೋಡುಗರ ಕಣ್ಣಿಗೆ ಬೀಳದ ಪಕ್ಕದಲ್ಲಿ, ಸಣ್ಣ ಅರದಿಂದ ಹೊಳಪು ಬರುವವರೆಗೆ ಉಜ್ಜಬೇಕು. ತಂತಿಯ ತುದಿಯನ್ನು ಅರ್ಧ ಸೆಂಟಿಮೀಟರಿನಷ್ಟು ಸುಲಿದು, ಮೊಳೆಯ ಹಾಗೆ ಮಡಿಸಿ, ಅದಕ್ಕೂ ಹಳಿಗೂ ಬೇರೆಬೇರೆಯಾಗಿ ತೆಳ್ಳಗೆ ಸೀಸ ಹಿಡಿಸಬೇಕು. ಆಮೇಲೆ ತಂತಿಯನ್ನು ಹಳಿಗೆ ಒತ್ತಿ ಕಾದ ಕಬ್ಬಿಣ ಮುಟ್ಟಿಸಿದರೆ ಎರಡು ಪದರಗಳೂ ಒಂದಾಗಿ ಹರಿಯುತ್ತವೆ. ಕಬ್ಬಿಣ ಚೆನ್ನಾಗಿ ಕಾದಿದ್ದರೆ ಎರಡು ಸೆಕೆಂಡಿನ ಕೆಲಸ. ತಣ್ಣಗಿದ್ದರೆ ಸೀಸ ಕರಗುವ ಮುಂಚೆ ಪ್ಲಾಸ್ಟಿಕ್ ಸ್ಲೀಪರುಗಳೇ ಕರಗುತ್ತವೆ. ಬೆಸೆಯುವ ಜಾಗದ ಎರಡೂ ಬದಿಗೆ ಒದ್ದೆ ಹತ್ತಿ ಇಟ್ಟುಕೊಂಡರೆ ಸ್ಲೀಪರು ಉಳಿಯುತ್ತದೆ. ಫ್ಲಕ್ಸ್ ರೋಸಿನ್ನಿನದಾಗಿರಬೇಕು, ಕೊಳಾಯಿ ಕೆಲಸದ ಆಮ್ಲದ ಫ್ಲಕ್ಸ್ ಕಾಲಕ್ರಮದಲ್ಲಿ ತಂತಿಯನ್ನು ತಿನ್ನುತ್ತದೆ. ಒಂದು ಹಳಿಗೆ ಹೋಗುವ ಎಲ್ಲ ತಂತಿಗಳಿಗೆ ಒಂದು ಬಣ್ಣ, ಇನ್ನೊಂದು ಹಳಿಯವಕ್ಕೆ ಇನ್ನೊಂದು. ಈ ಶಿಸ್ತು ಮೊದಲ ಫೀಡರಿನಿಂದ ಕೊನೆಯದರವರೆಗೆ ತಪ್ಪಬಾರದು.

ಬಸ್ ಉದ್ದವಾದಂತೆ ರೋಧದ ಜೊತೆಗೆ ಪ್ರೇರಕತೆಯೂ ಲೆಕ್ಕಕ್ಕೆ ಬರುತ್ತದೆ. ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ತರಂಗದ ಅಂಚುಗಳು ಉದ್ದ ತಂತಿಯಲ್ಲಿ ಚೂಪಾದ ಏರಿಳಿತಗಳನ್ನು ಎಬ್ಬಿಸುತ್ತವೆ. ಎಲ್ಲೋ ಶಾರ್ಟ್ ಆಗಿ ಪ್ರವಾಹ ಹಠಾತ್ತನೆ ನಿಂತಾಗಲಂತೂ ಡಿಕೋಡರ್ ಸುಡುವಷ್ಟು ವೋಲ್ಟೇಜು ಚಿಮ್ಮಬಹುದು. ಎರಡು ತಂತಿಗಳನ್ನು ಸಡಿಲವಾಗಿ ಹೊಸೆದು ಎಳೆಯುವುದು ಇದಕ್ಕೆ ಮೊದಲ ಮದ್ದು. ಸುಮಾರು 9 ಮೀಟರಿಗಿಂತ ಉದ್ದದ ಬಸ್ಸಿನ ಕೊನೆಯಲ್ಲಿ 100ರಿಂದ 150 ಓಮಿನ ರೆಸಿಸ್ಟರ್ ಒಂದನ್ನು 0.1 ಮೈಕ್ರೊಫ್ಯಾರಡ್ ಕೆಪಾಸಿಟರಿನ ಜೊತೆ ಸರಣಿಯಲ್ಲಿ ಸೇರಿಸಿ ಎರಡು ತಂತಿಗಳ ನಡುವೆ ಕೂರಿಸುವುದು ಎರಡನೆಯದು. ಇದಕ್ಕೆ ಸ್ನಬ್ಬರ್ ಎಂದು ಹೆಸರು. ಡಿಸಿ ಕಾಲದ ಕೆಲವು ಹಳಿ-ಜೋಡಣೆಗಳಲ್ಲಿ ರೇಡಿಯೊ ಗದ್ದಲ ತಡೆಯಲೆಂದು ಇಟ್ಟ ಕೆಪಾಸಿಟರ್ ಮಾತ್ರ ಡಿಸಿಸಿಗೆ ಶತ್ರು. ಅದು ತರಂಗದ ಅಂಚುಗಳನ್ನೇ ನುಂಗಿ ಸಂದೇಶ ಕೆಡಿಸುವುದರಿಂದ ಕಿತ್ತುಹಾಕಲೇಬೇಕು.

ನಾಣ್ಯದ ಪರೀಕ್ಷೆ

ಇಡೀ ವೈರಿಂಗಿನ ಯೋಗ್ಯತೆಯನ್ನು ಅಳೆಯುವ ಅತ್ಯಂತ ಸರಳ ವಿಧಾನ ಇದು. ಎಂಜಿನ್‌ಗಳನ್ನೆಲ್ಲ ತೆಗೆದಿಟ್ಟು, ವಿದ್ಯುತ್ ಹಾಕಿ, ಎರಡು ಹಳಿಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಡಬೇಕು. ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ನಾಣ್ಯ ತೆಗೆದು ಒಂದೆರಡು ಅಡಿ ಮುಂದೆ ಮತ್ತೆ ಇಡಬೇಕು; ಹೀಗೆ ಲೇಔಟಿನ ಮೂಲೆಮೂಲೆಗೂ, ಪಾಯಿಂಟುಗಳ ಎರಡೂ ಕವಲಿಗೂ, ಸುರಂಗದ ಒಳಗೂ ಹೋಗಬೇಕು. ಎಲ್ಲಾದರೂ ಬೂಸ್ಟರ್ ಟ್ರಿಪ್ ಆಗದೆ ಗುಂಯ್‌ಗುಟ್ಟುತ್ತಿದ್ದರೆ ನಾಣ್ಯವನ್ನು ಕೂಡಲೇ ತೆಗೆಯಬೇಕು, ಅಲ್ಲಿಗೊಂದು ಫೀಡರ್ ಹಾಕಬೇಕು.

ಕಾರಣ ಇಷ್ಟೆ. 5 ಆಂಪಿಯರಿನ ಬೂಸ್ಟರ್, ಹಳಿಯಲ್ಲಿ 15 ವೋಲ್ಟ್. ಮೂಲದಿಂದ ಶಾರ್ಟ್ ಆದ ಜಾಗದವರೆಗಿನ ಒಟ್ಟು ರೋಧ 3 ಓಮಿಗಿಂತ ಹೆಚ್ಚಿದ್ದರೆ ಶಾರ್ಟ್ ಆದಾಗಲೂ 5 ಆಂಪಿಯರ್ ಹರಿಯುವುದಿಲ್ಲ. ರೋಧ 3.5 ಓಮ್ ಅಂದುಕೊಂಡರೆ ಹರಿಯುವುದು 4.3 ಆಂಪಿಯರ್. ಬೂಸ್ಟರಿನ ಪಾಲಿಗೆ ಅದು ಬಹಳ ರೈಲುಗಳು ಓಡುತ್ತಿರುವ ಸಾಮಾನ್ಯ ಸ್ಥಿತಿ. ಆದರೆ ಆ 64 ವಾಟ್ ಶಕ್ತಿಯ ಹೆಚ್ಚಿನ ಪಾಲು ಯಾವುದೋ ಒಂದು ಸಡಿಲ ಫಿಶ್‌ಪ್ಲೇಟಿನಲ್ಲೋ ಹಳಿ ತಪ್ಪಿ ಅಡ್ಡ ಬಿದ್ದ ಬೋಗಿಯ ಗಾಲಿಯಲ್ಲೋ ಶಾಖವಾಗುತ್ತದೆ. ಬೆಸುಗೆಯ ಕಬ್ಬಿಣವೊಂದಕ್ಕೆ ಬೇಕಾಗುವ ವಿದ್ಯುತ್ತು ಅಷ್ಟೇ. ಹಳಿ ತಪ್ಪಿದ ಬೋಗಿಯನ್ನು ಯಾರೂ ಗಮನಿಸದಿದ್ದರೆ ಅದರ ಗಾಲಿಗಳ ಚೌಕಟ್ಟು ಕರಗಿ ಹಳಿಗೆ ಅಂಟಿಕೊಳ್ಳುತ್ತದೆ. ರೈಲು ಚೆನ್ನಾಗಿ ಓಡುತ್ತಿದೆ ಎಂಬುದು ವೈರಿಂಗ್ ಸರಿಯಿದೆ ಎಂಬುದಕ್ಕೆ ಪುರಾವೆಯಾಗಲಾರದು. ಅರ್ಧ ಆಂಪಿಯರಿಗೆ ಸಾಲುವ ದಾರಿ ಐದು ಆಂಪಿಯರಿಗೆ ಸಾಲದೆ ಹೋಗಬಹುದು. ಅದನ್ನು ತೋರಿಸಿಕೊಡುವುದು ನಾಣ್ಯವೇ.

ದೊಡ್ಡ ಲೇಔಟಿನಲ್ಲಿ ಒಂದು ಕಡೆಯ ಶಾರ್ಟಿನಿಂದ ಎಲ್ಲರ ರೈಲೂ ನಿಲ್ಲಬಾರದೆಂದು ಮಾರ್ಗವನ್ನು ವಿದ್ಯುತ್ ವಿಭಾಗಗಳಾಗಿ ಹಂಚುತ್ತಾರೆ. ಒಂದೊಂದಕ್ಕೂ ಎಲೆಕ್ಟ್ರಾನಿಕ್ ಬ್ರೇಕರ್, ಇಲ್ಲವೇ ಪ್ರತ್ಯೇಕ ಬೂಸ್ಟರ್. ವಿಭಾಗಗಳ ಗಡಿಯಲ್ಲಿ ಎರಡೂ ಹಳಿಗಳನ್ನು ಕತ್ತರಿಸಿ, ಸಂದಿಗೆ ಪ್ಲಾಸ್ಟಿಕ್ ಚೂರು ಕೂರಿಸುತ್ತಾರೆ. ಸಂದಿಯನ್ನು ಖಾಲಿ ಬಿಟ್ಟರೆ ಬೇಸಗೆಯಲ್ಲಿ ಹಿಗ್ಗಿದ ಹಳಿ ಅದನ್ನು ಮುಚ್ಚಿಬಿಡುತ್ತದೆ. ಎರಡು ಬೂಸ್ಟರುಗಳ ಗಡಿಯಲ್ಲಿ ಅವುಗಳ ತರಂಗ ಒಂದೇ ಲಯದಲ್ಲಿರಬೇಕು. ಸಂದಿಯ ಆಚೀಚೆಯ ಒಂದೇ ಹಳಿಗೆ ಮಲ್ಟಿಮೀಟರ್ ಹಿಡಿದಾಗ ಹತ್ತಿರಹತ್ತಿರ ಸೊನ್ನೆ ತೋರಿಸಿದರೆ ಸರಿ. ಹಳಿಯ ವೋಲ್ಟೇಜಿನ ಸುಮಾರು ಇಮ್ಮಡಿ ತೋರಿಸಿದರೆ ಒಂದು ಬದಿಯ ತಂತಿಗಳು ಅದಲುಬದಲಾಗಿವೆ ಎಂದರ್ಥ. ಬೂಸ್ಟರುಗಳ ನಡುವೆ ತಯಾರಕರು ಹೇಳಿದ ಸಾಮಾನ್ಯ ತಂತಿಯನ್ನೂ ಎಳೆಯಬೇಕು.

ಪಾಯಿಂಟುಗಳು

ಒಂದು ಹಳಿ ಎರಡಾಗಿ ಕವಲೊಡೆಯುವ ಪಾಯಿಂಟಿನ ನಡುವೆ ಹಳಿಗಳು ಒಂದನ್ನೊಂದು ದಾಟುವ ಜಾಗಕ್ಕೆ ಫ್ರಾಗ್ ಎನ್ನುತ್ತಾರೆ. ರೈಲು ನೇರ ಹೋದರೆ ಅದು ಒಂದು ಹಳಿಯ ವಿದ್ಯುತ್ತನ್ನು ಹೊತ್ತಿರಬೇಕು, ತಿರುಗಿದರೆ ಇನ್ನೊಂದರದನ್ನು. ಫ್ರಾಗನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ ನಿರ್ಜೀವವಾಗಿ ಬಿಟ್ಟರೆ ವೈರಿಂಗ್ ಸುಲಭ, ಆದರೆ ಗಿಡ್ಡ ಶಂಟಿಂಗ್ ಎಂಜಿನ್‌ಗಳು ಅಲ್ಲಿ ವಿದ್ಯುತ್ ಸಿಗದೆ ನಿಲ್ಲುತ್ತವೆ. ಲೋಹದ ಫ್ರಾಗಿಗೆ ಜೀವ ಕೊಡುವುದೇ ಒಳ್ಳೆಯ ದಾರಿ. ಪಾಯಿಂಟ್ ಮೋಟಾರಿನಲ್ಲಿರುವ ಸ್ವಿಚ್ಚಿನ ಮೂಲಕ ಫ್ರಾಗಿನ ತಂತಿಯನ್ನು ಎರಡು ಬಸ್ ತಂತಿಗಳ ನಡುವೆ ಬದಲಾಯಿಸುತ್ತಾರೆ. ಅಮೆರಿಕದಲ್ಲಿ ಜನಪ್ರಿಯವಾದ ಟಾರ್ಟಸ್ ಮೋಟಾರಿನಲ್ಲಿ ಇಂಥ ಎರಡು ಜೋಡಿ ಸ್ವಿಚ್ಚುಗಳಿವೆ. ಗಾಲಿ ತಾಗಿದಾಗ ಆಗುವ ಕ್ಷಣಿಕ ಶಾರ್ಟನ್ನು ಗ್ರಹಿಸಿ ಫ್ರಾಗಿನ ಸಂಪರ್ಕವನ್ನು ತಾನಾಗಿಯೇ ಬದಲಿಸುವ ಎಲೆಕ್ಟ್ರಾನಿಕ್ ಬಿಲ್ಲೆಗಳೂ ಇವೆ.

ಕೆಲವು ಹಳೆಯ ಮಾದರಿಯ ಪಾಯಿಂಟುಗಳಲ್ಲಿ ಚಲಿಸುವ ಎರಡು ನಾಲಗೆಗಳೂ ಫ್ರಾಗೂ ವಿದ್ಯುತ್ತಿನಿಂದ ಒಂದೇ ಆಗಿರುತ್ತವೆ. ಹಾದುಹೋಗುವ ಗಾಲಿಯ ಬೆನ್ನು ತೆರೆದ ನಾಲಗೆಗೆ ಉಜ್ಜಿದರೆ ಶಾರ್ಟ್. ಡಿಸಿಯ ಕಾಲದಲ್ಲಿ ಇಷ್ಟು ಸಣ್ಣ ಶಾರ್ಟ್ ಕಿಡಿಯಾಗಿ ಮಿಂಚಿ ಮರೆಯಾಗುತ್ತಿತ್ತು. ಡಿಸಿಸಿ ಬೂಸ್ಟರ್ ಮಿಲಿಸೆಕೆಂಡುಗಳಲ್ಲಿ ಕಣ್ಣುಬಿಡುವುದರಿಂದ ಇಡೀ ವಿಭಾಗ ನಿಲ್ಲುತ್ತದೆ. ಪ್ರತಿ ನಾಲಗೆಯನ್ನೂ ಅದರ ಪಕ್ಕದ ಸ್ಥಿರ ಹಳಿಗೆ ತಂತಿಯಿಂದ ಬೆಸೆದು, ಫ್ರಾಗಿನಿಂದ ಬೇರ್ಪಡಿಸಿದರೆ ತೊಂದರೆ ಬುಡಸಮೇತ ಹೋಗುತ್ತದೆ. ಹಳಿ ಹಾಸುವ ಮುಂಚೆ ಮೇಜಿನ ಮೇಲೆ ಕೂತು ಮಾಡಬೇಕಾದ ಕೆಲಸ ಇದು.

ಪಾಯಿಂಟ್ ಮೋಟಾರುಗಳಿಗೆ ವಿದ್ಯುತ್ತನ್ನು ಹಳಿಯ ಬಸ್ಸಿನಿಂದಲೇ ಪಡೆಯುವ ಆಸೆ ಸಹಜ. ಪಡೆಯದಿರುವುದು ಉತ್ತಮ. ತಪ್ಪಾಗಿ ತಿರುಗಿದ ಪಾಯಿಂಟಿನೊಳಗೆ ಎಂಜಿನ್ ನುಗ್ಗಿ ಶಾರ್ಟ್ ಆಯಿತೆನ್ನಿ: ಪಾಯಿಂಟನ್ನು ಸರಿಪಡಿಸಿದರೆ ಶಾರ್ಟ್ ಹೋಗುತ್ತದೆ, ಆದರೆ ಶಾರ್ಟ್ ಇರುವ ತನಕ ಪಾಯಿಂಟಿಗೆ ವಿದ್ಯುತ್ತೇ ಇಲ್ಲ. ಪ್ರತ್ಯೇಕ ಸರಬರಾಜಿನ ಇನ್ನೊಂದು ಜೋಡಿ ತಂತಿ ಎಳೆದರೆ ಈ ಸಿಕ್ಕು ಹುಟ್ಟುವುದೇ ಇಲ್ಲ.

ಹಿಂತಿರುಗುವ ಸುತ್ತು

ಹಳಿ ಸುತ್ತಿ ಬಂದು ತನ್ನನ್ನೇ ಕೂಡಿಕೊಂಡು ರೈಲಿನ ಮುಖ ತಿರುಗಿಸುವ ರಚನೆಯಲ್ಲಿ ಎಡ ಹಳಿ ಬಲ ಹಳಿಗೆ ತಾಗುತ್ತದೆ. ತ್ರಿಕೋನ ಜಂಕ್ಷನ್ನಿನಲ್ಲೂ ಎಂಜಿನ್ ತಿರುಗಿಸುವ ಟರ್ನ್‌ಟೇಬಲಿನಲ್ಲೂ ಇದೇ ಪ್ರಶ್ನೆ. ಇದು ಎರಡು ಹಳಿಗಳ ಪದ್ಧತಿಗೆ ಅಂಟಿದ ಕಾಯಿಲೆ. ನಡುವೆ ಮೂರನೆಯ ಸಂಪರ್ಕವಿರುವ ಮಾರ್ಕ್ಲಿನ್ ಹಳಿಯಲ್ಲಿ ಎರಡೂ ಹಳಿಗಳು ಒಂದೇ ತಂತಿಗೆ ಸೇರಿರುವುದರಿಂದ ಅಲ್ಲಿ ಈ ಸಮಸ್ಯೆಯೇ ಇಲ್ಲ. ಡಿಸಿಸಿಯ ದೊಡ್ಡ ಅನುಕೂಲವೂ ಇಲ್ಲೇ ಕಾಣುವುದು. ಎಂಜಿನ್ನಿನ ದಿಕ್ಕು ಆದೇಶದಿಂದ ಬರುತ್ತದೆ, ಹಳಿಯ ಧನ-ಋಣದಿಂದಲ್ಲ. ಆದ್ದರಿಂದ ಎಂಜಿನ್ ಮೇಲಿರುವಾಗಲೇ ಅದರ ಕಾಲಡಿಯ ಹಳಿಗಳನ್ನು ಅದಲುಬದಲು ಮಾಡಿದರೂ ಅದು ನಿಲ್ಲದೆ ಮುಂದೆ ಹೋಗುತ್ತದೆ.

ಸುತ್ತಿನ ಎರಡೂ ತುದಿಗಳಲ್ಲಿ ಎರಡೂ ಹಳಿಗಳನ್ನು ಕತ್ತರಿಸಿ, ಒಳಗಿನ ಭಾಗಕ್ಕೆ ಆಟೊ ರಿವರ್ಸರ್ ಮೂಲಕ ವಿದ್ಯುತ್ ಕೊಡುತ್ತಾರೆ. ಗಾಲಿ ಸಂದಿಯನ್ನು ದಾಟುವಾಗ ಎರಡೂ ಬದಿ ಹೊಂದದಿದ್ದರೆ ಶಾರ್ಟ್ ಆಗುತ್ತದೆ, ರಿವರ್ಸರ್ ಅದನ್ನು ಗ್ರಹಿಸಿ ಒಳಭಾಗದ ತಂತಿಗಳನ್ನು ತಿರುಗಿಸುತ್ತದೆ. ಬೂಸ್ಟರಿಗೆ ಶಾರ್ಟ್ ಗೊತ್ತಾಗುವ ಮೊದಲೇ ಈ ಕೆಲಸ ಮುಗಿದಿರಬೇಕು. ರಿವರ್ಸರ್ ನಿಧಾನವಾದರೆ, ಇಲ್ಲವೇ ತೆಳು ತಂತಿಯಿಂದಾಗಿ ಅದಕ್ಕೆ ಸಾಕಷ್ಟು ಪ್ರವಾಹ ಸಿಗದಿದ್ದರೆ, ರೈಲು ಸಂದಿಯ ಮೇಲೆಯೇ ನಿಲ್ಲುತ್ತದೆ. ಒಳಭಾಗ ಅತಿ ಉದ್ದದ ರೈಲಿಗಿಂತ ಉದ್ದವಾಗಿರಬೇಕು. ಲೋಹದ ಗಾಲಿಗಳ ರೈಲೊಂದು ಎರಡೂ ತುದಿಯ ಸಂದಿಗಳನ್ನು ಒಮ್ಮೆಗೇ ತುಳಿದರೆ ರಿವರ್ಸರ್ ಯಾವ ಕಡೆ ತಿರುಗಿದರೂ ಒಂದು ತುದಿ ತಪ್ಪಾಗಿಯೇ ಇರುತ್ತದೆ.

ಪತ್ತೆ, ಪ್ರೋಗ್ರಾಮಿಂಗ್, ನಿಯಂತ್ರಕಗಳು

ಸಿಗ್ನಲ್ ವ್ಯವಸ್ಥೆ ಬೇಕೆನ್ನುವವರಿಗೆ ಯಾವ ಬ್ಲಾಕಿನಲ್ಲಿ ರೈಲಿದೆ ಎಂದು ತಿಳಿಯಬೇಕು. ಬ್ಲಾಕಿಗೆ ಹೋಗುವ ತಂತಿಯನ್ನು ಪುಟ್ಟ ಉಂಗುರದಾಕಾರದ ಟ್ರಾನ್ಸ್‌ಫಾರ್ಮರಿನೊಳಗೆ ತೂರಿಸಿ, ಪ್ರವಾಹ ಹರಿಯುತ್ತಿದೆಯೇ ಎಂದು ನೋಡುವುದು ಇಂದಿನ ರೂಢಿ. ಬೋಗಿಗಳನ್ನೂ ಪತ್ತೆ ಹಚ್ಚಬೇಕಾದರೆ ಅವುಗಳ ಅಚ್ಚಿಗೆ 10 ಸಾವಿರ ಓಮಿನ ರೆಸಿಸ್ಟರ್ ಅಂಟಿಸುತ್ತಾರೆ. ಇದಕ್ಕೆ ಪ್ರತಿ ಬ್ಲಾಕಿನ ಫೀಡರುಗಳೂ ಒಂದು ಉಪಬಸ್ಸಿನಲ್ಲಿ ಕೂಡಿರಬೇಕು. ಸಿಗ್ನಲ್ ಸದ್ಯಕ್ಕೆ ಬೇಡವೆಂದರೂ ಸಂದಿಗಳನ್ನೂ ಉಪಬಸ್ಸುಗಳನ್ನೂ ಮೊದಲೇ ಮಾಡಿಟ್ಟಿರುವುದು ಜಾಣತನ.

ಡಿಕೋಡರಿಗೆ ವಿಳಾಸ ಬರೆಯುವ ಪ್ರೋಗ್ರಾಮಿಂಗ್ ಹಳಿ ಉಳಿದ ಲೇಔಟಿನಿಂದ ಪೂರ್ತಿ ಬೇರೆಯಾಗಿರಬೇಕು. ಅಲ್ಲಿನ ಪ್ರವಾಹವನ್ನು 250 ಮಿಲಿಆಂಪಿಯರಿಗೆ ಮಿತಿಗೊಳಿಸಿರುವುದರಿಂದ ತಪ್ಪಾಗಿ ಕೂರಿಸಿದ ಡಿಕೋಡರ್ ಸುಡದೆ ಉಳಿಯುವ ಸಾಧ್ಯತೆ ಹೆಚ್ಚು. ಹೊಸ ಡಿಕೋಡರ್ ಹಾಕಿದ ಎಂಜಿನ್ನನ್ನು ಮೊದಲು ಅಲ್ಲೇ ನಿಲ್ಲಿಸುವುದು ವಾಡಿಕೆ. ಪ್ರೋಗ್ರಾಮಿಂಗ್ ಹಳಿಗೆ ಸ್ನಬ್ಬರ್ ಹಾಕಬಾರದು.

ಕೈಯಲ್ಲಿ ಹಿಡಿಯುವ ನಿಯಂತ್ರಕಗಳನ್ನು, ಆದೇಶಗಳನ್ನು ಹಳಿಯ ಸಂದೇಶವಾಗಿಸುವ ಕಮಾಂಡ್ ಸ್ಟೇಷನ್ನಿಗೆ ಕೂಡಿಸುವ ದತ್ತಾಂಶದ ಕೇಬಲ್ಲುಗಳು ಬೇರೆಯೇ ಜಾಲ. ಡಿಜಿಟ್ರ್ಯಾಕ್ಸಿನ ಲೊಕೊನೆಟ್, ಲೆನ್ಸಿನ ಎಕ್ಸ್‌ಪ್ರೆಸ್‌ನೆಟ್ ಇವು ಹೆಸರಾದವು. ಹಳಿಯ ಮಾತಿನ ಹಾಗೆ ಇವುಗಳ ಮಾತು ಒಂದೇ ಅಲ್ಲ, ಕಂಪನಿಗೊಂದು. ರೋಕೋದ ಝಡ್21ರಂಥ ವ್ಯವಸ್ಥೆಗಳಲ್ಲಿ ಫೋನಿನಿಂದಲೇ ವೈಫೈ ಮೂಲಕ ಓಡಿಸಬಹುದು. ಈ ಕೇಬಲ್ಲುಗಳನ್ನು ಹಳಿಯ ಬಸ್ಸಿನ ಜೊತೆ ಕಟ್ಟಿ ಎಳೆಯಬಾರದು. ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಬೇಕು.

ಮಾಡ್ಯೂಲುಗಳು ಮತ್ತು ಮೇನ್ಸ್

ಹಲವರು ಕಟ್ಟಿ ತಂದ ತುಂಡುಗಳನ್ನು ಸಭಾಂಗಣದಲ್ಲಿ ಜೋಡಿಸಿ ಓಡಿಸುವ ಕೂಟಗಳಲ್ಲಿ ವೈರಿಂಗಿನ ಒಪ್ಪಂದವೇ ಮೊದಲ ನಿಯಮ. ಯುರೋಪಿನಲ್ಲಿ 1981ರಲ್ಲಿ ಶುರುವಾದ ಫ್ರೆಮೊ ಬಳಗದ ಮಾಡ್ಯೂಲುಗಳ ಬಸ್ ಕೂಡುವುದು 4 ಮಿ.ಮೀ. ಬನಾನಾ ಪ್ಲಗ್ಗುಗಳಿಂದ, ಅಮೆರಿಕದ ಫ್ರೀ-ಮೊ ಬಳಗದಲ್ಲಿ ಆಂಡರ್ಸನ್ ಪವರ್‌ಪೋಲ್. ನಮ್ಮಲ್ಲಿ ಅಗ್ಗವೆಂದು ಮನೆಯ ಎರಡು ಪಿನ್ನಿನ ಪ್ಲಗ್ಗನ್ನು ಹಳಿಯ ತಂತಿಗೆ ಹಾಕುವ ಅಭ್ಯಾಸ ಅಲ್ಲಲ್ಲಿ ಕಾಣುತ್ತದೆ. ಅದನ್ನು ಯಾರಾದರೂ, ಅದರಲ್ಲೂ ಮಕ್ಕಳು, ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಬರಿಮೈ ಹಳಿಗಳಿಗೆ 230 ವೋಲ್ಟ್ ಏರುತ್ತದೆ. ಎಂದೂ ಮಾಡಬಾರದ ಕೆಲಸ. ಮೇನ್ಸಿನ ವಿದ್ಯುತ್ ಪ್ರಮಾಣೀಕೃತ ಅಡಾಪ್ಟರಿನ ಪೆಟ್ಟಿಗೆಯಿಂದ ಹೊರಗೆ ಬರಬಾರದು, ಹಲಗೆಯಡಿ ಅದರ ತಂತಿಗಳು ಹಳಿಯ ತಂತಿಗಳೊಡನೆ ಒಂದೇ ಪೈಪಿನಲ್ಲಿ ಹೋಗಬಾರದು, ಮತ್ತು ಕೋಣೆಯಿಂದ ಹೊರಡುವಾಗ ಲೇಔಟಿನದೆಲ್ಲವೂ ಒಂದೇ ಸ್ವಿಚ್ಚಿಗೆ ಆರುವಂತಿರಬೇಕು.